ಬರಿ ಅಲ್ಯೂಮಿನಿಯಂ ವೀಲ್‌ಗೆ ಯಾವ ಪಾಲಿಶ್ ಒಳ್ಳೇದು?

ಜುಲೈ ತಿಂಗಳ ಎರಡನೇ ಭಾನುವಾರ ಜಾವಾ ದಿನ, ಜಾವಾ, ಯೆಜ್ಡಿ ಬೈಕಿನವರ ಹಬ್ಬ. ಅದು ಹತ್ತಿರ ಬಂತೆಂದರೆ ನಮ್ಮ ಚಿಕ್ಕಬಳ್ಳಾಪುರದಲ್ಲಿ ಹಳೇ ಗಾಡಿ ಇಟ್ಟುಕೊಂಡವರೆಲ್ಲ ಶೆಡ್ಡಿನಿಂದ ಗಾಡಿ ಹೊರಗೆ ಎಳೆಯುತ್ತಾರೆ. ಆಮೇಲೆ ನನಗೆ ಫೋನ್ ಶುರು. "ಅಣ್ಣಾ, ವೀಲ್ ನಡುವಿನ ಹಬ್ ಪೂರ್ತಿ ಮಂಕಾಗಿದೆ. ಬ್ರಾಸೋ ಸಾಕಾ? ಇಲ್ಲ, ಆ ದುಬಾರಿ ಡಬ್ಬಿನೇ ತರಿಸಬೇಕಾ? ಸುಮ್ನೆ ಮೆಷಿನ್‌ಗೆ ಕೊಟ್ಟು ಬಫಿಂಗ್ ಮಾಡಿಸಿಬಿಡ್ಲಾ?" ಈ ಸಲ ಹೀಗೆ ಕೇಳಿದವನು ಯೆಜ್ಡಿ ಇರುವ ಒಬ್ಬ ಹುಡುಗ. ಹಳೇ ಕಾರಿನವರೊಬ್ಬರೂ ಕೇಳಿದರು. ಹೈವೇಯಲ್ಲಿ ಟ್ಯಾಂಕರ್ ಓಡಿಸುವ ಹುಡುಗನೊಬ್ಬನೂ ಕೇಳಿದ. ಪ್ರಶ್ನೆ ಒಂದೇ, ಆದರೆ ಮೂವರ ವೀಲೂ ಬೇರೆ, ಬಜೆಟ್ಟೂ ಬೇರೆ. ಅದಕ್ಕೇ ಒಂದು ಸಲ ಕೂತು ಎಲ್ಲವನ್ನೂ ಬರೆದುಬಿಡೋಣ ಅನಿಸಿತು.

ನನ್ನ ಹತ್ತಿರ ಇರುವುದು ಅಪ್ಪ ಓಡಿಸುತ್ತಿದ್ದ ಯೆಜ್ಡಿ. ಅದನ್ನು ಮಾಡುತ್ತಿದ್ದ ಮೈಸೂರಿನ ಕಾರ್ಖಾನೆ 1996ರಲ್ಲೇ ಮುಚ್ಚಿತು. ಅಲ್ಲಿ ಎರಕ ಹೊಯ್ದ ಹಬ್ ಸವೆದುಹೋದರೆ ಅದೇ ಹಬ್ ಮತ್ತೆ ಬರುವುದಿಲ್ಲ. ಪಾಲಿಶ್ ವಿಷಯದಲ್ಲಿ ನಾನು ಇಷ್ಟು ತಲೆ ಕೆಡಿಸಿಕೊಂಡಿದ್ದು ಈ ಒಂದು ಕಾರಣಕ್ಕೆ. ಪಾಲಿಶ್ ಮಾಡುವಾಗ ಬಟ್ಟೆ ಕಪ್ಪಾಗುತ್ತದಲ್ಲ, ಅದನ್ನು ನಾವು ಕೊಳೆ ಅಂದುಕೊಳ್ಳುತ್ತೇವೆ. ಆದರೆ ಚೆನ್ನಾಗಿ ತೊಳೆದು ಒರೆಸಿದ ವೀಲ್ ಉಜ್ಜಿದರೂ ಬಟ್ಟೆ ಕಪ್ಪಾಗುತ್ತದೆ. ಅದು ಸವೆದು ಬಂದ ಅಲ್ಯೂಮಿನಿಯಂ. ಬಟ್ಟೆಗೆ ಹತ್ತುತ್ತಿರುವುದು ನಿಮ್ಮ ವೀಲೇ. ಹಾಗಾಗಿ ನಾನು ಯಾರಿಗೇ ಹೇಳಿದರೂ ಮೊದಲು ಹೇಳುವುದು, ಎಲ್ಲಕ್ಕಿಂತ ಮೃದುವಾದದ್ದರಿಂದ ಶುರು ಮಾಡಿ, ಅದರಿಂದ ಆಗದಿದ್ದರೆ ಮಾತ್ರ ಮುಂದಕ್ಕೆ ಹೋಗಿ.

ಅದು ನಿಜವಾಗಿ ಬರಿ ಅಲ್ಯೂಮಿನಿಯಂ ಹೌದಾ?

ಪಾಲಿಶ್ ಕೊಳ್ಳುವ ಮುಂಚೆ ಇದನ್ನು ನೋಡಿಕೊಳ್ಳಲೇಬೇಕು. ಕೆಲಸ ಕೆಡುವುದು ಹೆಚ್ಚಾಗಿ ಇಲ್ಲೇ.

ಒಂದು ಸಣ್ಣ ಅಯಸ್ಕಾಂತ ತೆಗೆದುಕೊಳ್ಳಿ. ಯೆಜ್ಡಿಯ ಕಡ್ಡಿ ವೀಲ್‌ಗೆ ತಾಗಿಸಿದರೆ ರಿಮ್‌ಗೆ ಗಪ್ಪನೆ ಹಿಡಿಯುತ್ತದೆ, ಹಬ್‌ಗೆ ಹಿಡಿಯುವುದಿಲ್ಲ. ರಿಮ್ ಉಕ್ಕು, ಮೇಲೆ ಕ್ರೋಮ್ ಲೇಪ. ಹಬ್ ಅಲ್ಯೂಮಿನಿಯಂ. ಎರಡೂ ಬೆಳ್ಳಗೆ ಹೊಳೆಯುತ್ತವೆ ಅಂತ ಒಂದೇ ಪಾಲಿಶ್ ಹಚ್ಚಿ ಗಟ್ಟಿಯಾಗಿ ತಿಕ್ಕಿದರೆ ತೆಳ್ಳಗಿನ ಕ್ರೋಮ್ ಸವೆದು ಒಳಗಿನ ಉಕ್ಕಿಗೆ ತುಕ್ಕು ಹಿಡಿಯುತ್ತದೆ.

ಕಾರು ಮತ್ತು ಈಗಿನ ಬೈಕುಗಳ ಕಥೆ ಬೇರೆ. ಅಲಾಯ್ ವೀಲ್, ನಮ್ಮ ಕಡೆ ಎಷ್ಟೋ ಜನ ಮ್ಯಾಗ್ ವೀಲ್ ಅಂತಾರಲ್ಲ, ಅದರಲ್ಲಿ ಬಹುಪಾಲಿಗೆ ಕಾರ್ಖಾನೆಯಲ್ಲೇ ಬಣ್ಣ ಅಥವಾ ಗಾಜಿನಂಥ ಲ್ಯಾಕರ್ ಬಳಿದಿರುತ್ತಾರೆ. ಕನ್ನಡಿ ಹಾಗೆ ಕತ್ತರಿಸಿದ ಡೈಮಂಡ್ ಕಟ್ ವೀಲ್ ನೋಡಲು ಬರಿ ಲೋಹ ಅನಿಸಿದರೂ ಮೇಲೆ ಲ್ಯಾಕರ್ ಇರುತ್ತದೆ. ಇಂಥ ವೀಲ್‌ಗೆ ಲೋಹದ ಪಾಲಿಶ್ ಹಾಕಿದರೆ ನೀವು ಉಜ್ಜುವುದು ಲೋಹವನ್ನಲ್ಲ, ಲ್ಯಾಕರನ್ನು. ಅದು ಗೀರು ಬಿದ್ದು ಮಬ್ಬಾಗುತ್ತದೆ. ಪರೀಕ್ಷೆ ಸುಲಭ. ಕಣ್ಣಿಗೆ ಬೀಳದ ಒಂದು ಮೂಲೆಯನ್ನು ತೊಳೆದು ಒಣಗಿಸಿ. ಬಿಳಿ ಬಟ್ಟೆಗೆ ಒಂದು ಚುಕ್ಕೆ ಪಾಲಿಶ್ ಹಾಕಿ ನಾಲ್ಕು ಸಲ ಉಜ್ಜಿ. ಬಟ್ಟೆ ಕಪ್ಪಾದರೆ ಬರಿ ಲೋಹ. ಕಪ್ಪಾಗದಿದ್ದರೆ ಮೇಲೆ ಏನೋ ಲೇಪ ಇದೆ, ಪಾಲಿಶ್ ಬೇಡ. ಆನೋಡೈಸ್ ಮಾಡಿದ, ಅಂದರೆ ಕರೆಂಟ್ ಹಾಯಿಸಿ ಮೇಲೆ ಗಟ್ಟಿ ಪೊರೆ ಕಟ್ಟಿಸಿದ, ವೀಲ್‌ಗೂ ಇದೇ ಮಾತು. ಅಂಥವಕ್ಕೆ ಕಾರ್ ಶಾಂಪೂ ಮತ್ತು ವ್ಯಾಕ್ಸ್ ಸಾಕು.

ಪಾಲಿಶನ್ನು ಅಳೆಯೋದು ಹೇಗೆ?

ಅಂಗಡಿಯವರು ಹೇಳುವುದು ಒಂದೇ ಮಾತು, "ಚೆನ್ನಾಗಿ ಹೊಳೆಯತ್ತೆ ಸಾರ್." ಮೊದಲ ದಿನ ಎಲ್ಲವೂ ಹೊಳೆಯುತ್ತವೆ. ನೋಡಬೇಕಾದದ್ದು ಬೇರೆ.

ಮೊದಲನೆಯದು, ಅದು ಎಷ್ಟು ಕೊರೆಯುತ್ತದೆ ಅನ್ನುವುದು. ಪಾಲಿಶ್ ಒಳಗೆ ಕಣ್ಣಿಗೆ ಕಾಣದಷ್ಟು ನುಣ್ಣಗಿನ ಪುಡಿ ಇರುತ್ತದೆ. ಆ ಪುಡಿ ಒರಟಾದಷ್ಟೂ ವೀಲ್ ಮೇಲೆ ಕೂತ ಹಳೇ ಬೂದು ಪದರ ಬೇಗ ಹೋಗುತ್ತದೆ, ಜೊತೆಗೆ ಲೋಹವೂ ಜಾಸ್ತಿ ಹೋಗುತ್ತದೆ. ಎರಡನೆಯದು, ವೀಲ್‌ನ ಆಕಾರ. ಸಪಾಟಾದ ಲಾರಿ ವೀಲ್‌ಗೆ ಒಪ್ಪುವ ಪೇಸ್ಟು ಕಡ್ಡಿಗಳ ಸಂದಿಗೆ ಒಪ್ಪುವುದಿಲ್ಲ. ಮೂರನೆಯದು ಹೊಳಪು ಎಷ್ಟು ದಿನ ನಿಲ್ಲುತ್ತದೆ ಅನ್ನುವುದು. ಇದು ಪಾಲಿಶ್‌ಗಿಂತ ಜಾಸ್ತಿ ಆಮೇಲೆ ಹಚ್ಚುವ ವ್ಯಾಕ್ಸ್ ಮೇಲೆ ನಿಂತಿದೆ, ಅದನ್ನು ಮುಂದೆ ಹೇಳುತ್ತೇನೆ. ಇನ್ನು ದುಡ್ಡು, ನಿಮ್ಮ ತೋಳಿನ ಶಕ್ತಿ, ಮತ್ತು ಬೇಕೆಂದಾಗ ನಮ್ಮೂರಲ್ಲಿ ಸಿಗುತ್ತದಾ ಅನ್ನುವುದು.

ಬ್ರಾಸೋ

ಹೆಸರಲ್ಲೇ ಇದೆ, ಹಿತ್ತಾಳೆಗೆ ಅಂತ ಮಾಡಿದ್ದು. ಬಿ.ಬಿ. ರಸ್ತೆಯ ಯಾವ ದೊಡ್ಡ ದಿನಸಿ ಅಂಗಡಿಗೆ ಹೋದರೂ ಸಿಗುತ್ತದೆ. ಇನ್ನೂರು ರೂಪಾಯಿ ಇದ್ದರೆ ಕೆಲಸ ಶುರು. ನೀರಾಗಿರುವುದರಿಂದ ಸಂದಿಗೆ ಇಳಿಯುತ್ತದೆ. ಮಂಕು ಕಡಿಮೆ ಇದ್ದರೆ ಹೊಳಪೂ ಬೇಗ ಬರುತ್ತದೆ.

ತೊಂದರೆ ಏನೆಂದರೆ, ಅದರಲ್ಲಿ ಅಮೋನಿಯಾ ಇದೆ. ಮುಚ್ಚಳ ತೆಗೆದರೆ ಮೂಗಿಗೆ ಹೊಡೆಯುವುದು ಅದೇ. ತಾಮ್ರ, ಹಿತ್ತಾಳೆಯ ಕಿಲುಬು ಕರಗಿಸಲು ಅಮೋನಿಯಾ ಬೇಕು. ಅಲ್ಯೂಮಿನಿಯಂಗೆ ಬೇಕಿಲ್ಲ. ಹಚ್ಚಿ ಒಣಗಲು ಬಿಟ್ಟು ಟೀ ಕುಡಿದು ಬರುತ್ತೇನೆ ಅಂದರೆ ಕಲೆ ಉಳಿಯಬಹುದು. ಸಂದಿಯಲ್ಲಿ ಉಳಿದದ್ದು ಬಿಳಿ ಹಿಟ್ಟಿನ ಹಾಗೆ ಒಣಗಿ ಕೂರುತ್ತದೆ. ಮನೆಯಲ್ಲಿ ಆಗಲೇ ಬಾಟಲಿ ಇದ್ದು, ಮಂಕು ಸ್ವಲ್ಪವೇ ಇದ್ದರೆ ಬಳಸಿ. ಒಂದು ಸಲಕ್ಕೆ ಅಂಗೈಯಷ್ಟು ಜಾಗ ಮಾತ್ರ ಹಿಡಿದು, ಹಸಿ ಇರುವಾಗಲೇ ಒರೆಸಿ, ಕೊನೆಗೆ ಸೋಪಿನ ನೀರಲ್ಲಿ ತೊಳೆಯಿರಿ. ಇದಕ್ಕೋಸ್ಕರ ಹೊಸದಾಗಿ ದುಡ್ಡು ಹಾಕುವುದಾದರೆ ಬ್ರಾಸೋ ಬೇಡ ಅನ್ನುತ್ತೇನೆ.

ಆಟೋಸಾಲ್ ಮತ್ತು ಮದರ್ಸ್

ನಿಜವಾದ ಸ್ಪರ್ಧೆ ಈ ಎರಡರ ನಡುವೆ. ಆಟೋಸಾಲ್ ಜರ್ಮನಿಯದು, ಟೂತ್‌ಪೇಸ್ಟ್ ಟ್ಯೂಬಿನಲ್ಲಿ ಬರುತ್ತದೆ. ಮದರ್ಸ್ ಮ್ಯಾಗ್ ಅಂಡ್ ಅಲ್ಯೂಮಿನಿಯಂ ಪಾಲಿಶ್ ಅಮೆರಿಕದ್ದು, ಡಬ್ಬಿಯಲ್ಲಿ ಬರುತ್ತದೆ. ಸಣ್ಣ ಡಬ್ಬಿ 141 ಗ್ರಾಂ. ಮೊದಲನೆಯದು ಸುಮಾರು ಐನೂರರ ಆಸುಪಾಸು, ಎರಡನೆಯದು ಸಾವಿರದ ಹತ್ತಿರ ಅಥವಾ ಅದರ ಮೇಲೆ. ಬೆಲೆ ಏರಿಳಿಯುತ್ತಿರುತ್ತದೆ, ಕೊಳ್ಳುವ ದಿನ ನೋಡಿಕೊಳ್ಳಿ. ಇಲ್ಲಿನ ಸ್ಪೇರ್ಸ್ ಅಂಗಡಿಗಳಲ್ಲಿ ಸಿಕ್ಕರೆ ಸಿಕ್ಕಿತು. ನಾನು ಎರಡನ್ನೂ ಆನ್‌ಲೈನಲ್ಲೇ ತರಿಸಿದ್ದು.

ಎರಡನ್ನೂ ಒಂದೇ ಹಬ್ ಮೇಲೆ ಪರೀಕ್ಷೆ ಮಾಡಿದೆ. ಮನೆ ಮುಂದಿನ ಹೊಂಗೆ ಮರದ ನೆರಳಲ್ಲಿ ಹಿಂದಿನ ವೀಲ್ ಬಿಚ್ಚಿ ಗೋಣಿಚೀಲದ ಮೇಲೆ ಮಲಗಿಸಿದೆ. ಹಬ್‌ನ ಮುಖಕ್ಕೆ ಪೇಂಟರ್ ಟೇಪ್ ಅಂಟಿಸಿ ಮೂರು ಪಾಲು ಮಾಡಿದೆ. ಒಂದಕ್ಕೆ ಬ್ರಾಸೋ, ಒಂದಕ್ಕೆ ಆಟೋಸಾಲ್, ಒಂದಕ್ಕೆ ಮದರ್ಸ್. ಹಳೇ ಬನಿಯನ್ ಹರಿದು ಮೂರು ತುಂಡು ಮಾಡಿಕೊಂಡೆ, ಒಂದರ ಬಟ್ಟೆ ಇನ್ನೊಂದಕ್ಕೆ ಮುಟ್ಟಿಸಲಿಲ್ಲ.

ಆಟೋಸಾಲ್ ಹಚ್ಚಿದ ಕಡೆ ಬಟ್ಟೆ ಎಲ್ಲಕ್ಕಿಂತ ಬೇಗ ಕಪ್ಪಾಯಿತು. ಮಳೆಗಾಲದಿಂದ ಕೂತಿದ್ದ ಬಿಳಿ ಚುಕ್ಕೆಗಳು ಎರಡನೇ ಸುತ್ತಿಗೇ ಹೋದವು. ಮದರ್ಸ್‌ಗೆ ನಾಲ್ಕು ಸುತ್ತು ಬೇಕಾಯಿತು. ಆದರೆ ಟೇಪ್ ಕಿತ್ತು, ಬಿಸಿಲಿಗೆ ಹಿಡಿದು, ಓರೆಯಾಗಿ ನೋಡಿದಾಗ ವ್ಯತ್ಯಾಸ ಕಂಡಿತು. ಆಟೋಸಾಲ್ ಕಡೆ ಕೂದಲೆಳೆಯಂಥ ಸಣ್ಣ ಗೆರೆಗಳು. ಮದರ್ಸ್ ಕಡೆ ನನ್ನ ಬೆರಳಿನ ಉಗುರು ಕನ್ನಡಿಯಲ್ಲಿ ಕಂಡ ಹಾಗೆ ಕಾಣುತ್ತಿತ್ತು. ಬ್ರಾಸೋ ಕಡೆ ಹೊಳಪಿತ್ತು, ಆದರೆ ಬಿಳಿ ಚುಕ್ಕೆಗಳು ಅಲ್ಲೇ ಇದ್ದವು.

ಹಾಗಾಗಿ ನನ್ನ ಅಭಿಪ್ರಾಯ ಹೀಗೆ. ವೀಲ್ ವರ್ಷಗಟ್ಟಲೆ ಕೈ ಮುಟ್ಟದೆ ಬಿದ್ದಿದ್ದರೆ ಆಟೋಸಾಲ್ ತಗೊಳ್ಳಿ. ದುಡ್ಡೂ ಕಡಿಮೆ, ಕೆಲಸವೂ ಬೇಗ. ಒಂದು ಟ್ಯೂಬಲ್ಲಿ ಬೈಕಿನ ಎರಡು ಹಬ್ ಮತ್ತು ಎಂಜಿನ್ ಕವರ್ ಎಷ್ಟೋ ಸಲ ಮಾಡಬಹುದು, ಹಚ್ಚುವುದು ಬಟಾಣಿ ಕಾಳಿನಷ್ಟೇ ಅಲ್ವಾ. ವೀಲ್ ಆಗಲೇ ಒಳ್ಳೇ ಸ್ಥಿತಿಯಲ್ಲಿದ್ದು, ಆಗಾಗ ಹೊಳಪು ಕೊಡಬೇಕು ಅಷ್ಟೇ ಅನ್ನುವುದಾದರೆ ಮದರ್ಸ್. ಇದು ನಿಧಾನ, ಆದರೆ ಲೋಹವನ್ನು ಕಡಿಮೆ ತಿನ್ನುತ್ತದೆ. ಎರಡೂ ಕೊಳ್ಳುವ ಶಕ್ತಿ ಇದ್ದರೆ ಮೊದಲು ಆಟೋಸಾಲ್, ಆಮೇಲೆ ಮದರ್ಸ್. ಒಂದೇ ಸಾಕು ಅಂದರೆ, ನಮ್ಮ ಕಡೆಯ ವೀಲ್‌ಗಳ ಸ್ಥಿತಿ ನೋಡಿ ನಾನು ಆಟೋಸಾಲ್ ಅಂತಲೇ ಹೇಳುತ್ತೇನೆ.

ಹತ್ತಿ ಪಾಲಿಶ್

ನೆವರ್ ಡಲ್ ಅಂತ ಒಂದಿದೆ. ಡಬ್ಬಿ ತೆಗೆದರೆ ಎಣ್ಣೆಯಲ್ಲಿ ನೆನೆಸಿದಂಥ ಹತ್ತಿ. ಒಂದು ಚಿಟಿಕೆ ಕಿತ್ತು ಉಜ್ಜುವುದು, ಬೇರೆ ಬಟ್ಟೆಯಲ್ಲಿ ಒರೆಸುವುದು. ಕಡ್ಡಿಗಳ ಬುಡ, ನಟ್ಟುಗಳ ಸುತ್ತ, ಲಾರಿ ವೀಲ್‌ನ ತೂತುಗಳ ಒಳಗೆ ಇದಕ್ಕಿಂತ ಸುಲಭದ್ದು ಇಲ್ಲ. ಕೊರೆತ ಕಡಿಮೆ, ಹಾಗಾಗಿ ಹಳೇ ಬೂದು ಪದರಕ್ಕೆ ಉಪಯೋಗವಿಲ್ಲ. ಬೆಲೆ ಜಾಸ್ತಿ. ಮುಚ್ಚಳ ಸರಿಯಾಗಿ ಹಾಕದಿದ್ದರೆ ಒಣಗಿಹೋಗುತ್ತದೆ. ತಿಂಗಳಿಗೊಮ್ಮೆ ಹೊಳಪು ಕೊಡುವವರಿಗೆ ಸರಿ, ವರ್ಷಕ್ಕೊಮ್ಮೆ ಗಾಡಿ ತೆಗೆಯುವವರಿಗೆ ದಂಡ.

ಕಾರಿನ ಬಣ್ಣಕ್ಕೆ ಹಾಕುವ ರಬ್ಬಿಂಗ್ ಕಾಂಪೌಂಡ್ ಆಗುತ್ತದಾ ಅಂತ ತುಂಬಾ ಜನ ಕೇಳುತ್ತಾರೆ. ಅದನ್ನು ಮಾಡಿರುವುದು ಬಣ್ಣಕ್ಕೆ. ಲೋಹದ ಮೇಲೆ ಸ್ವಲ್ಪ ಕೆಲಸ ಮಾಡುತ್ತದೆ, ಆದರೆ ತೋಳು ಬಿದ್ದುಹೋಗುತ್ತದೆ.

ಬಫಿಂಗ್ ಅಂಗಡಿ

ಕೈಯಲ್ಲಿ ಯಾವ ಪಾಲಿಶ್ ಹಾಕಿದರೂ ಹೋಗದ ಎರಡು ವಿಷಯ ಇವೆ. ಒಂದು, ಉಗುರು ಸಿಕ್ಕಿಕೊಳ್ಳುವಷ್ಟು ಆಳದ ಗೀರು. ಇನ್ನೊಂದು, ಉಪ್ಪು ತಿಂದು ಬಿದ್ದ ಗುಳಿ. ಇದಕ್ಕೆ ವಾಟರ್ ಪೇಪರ್, ಅಂದರೆ ನೀರು ಹಾಕಿ ಉಜ್ಜುವ ಮರಳು ಕಾಗದ, ಬೇಕು. ಅದರ ನಂಬರ್ ಏರಿದಷ್ಟೂ ಪೇಪರ್ ನುಣ್ಣಗೆ. ಗೀರಿನ ಆಳ ನೋಡಿ 400 ಅಥವಾ 600ರಿಂದ ಶುರು ಮಾಡಿ 800, 1000, 1500, 2000 ಅಂತ ಏರುತ್ತಾ ಹೋಗಬೇಕು. ಪ್ರತಿ ಪೇಪರೂ ಹಿಂದಿನ ಪೇಪರಿನ ಗೆರೆಯನ್ನು ಪೂರ್ತಿ ಅಳಿಸಬೇಕು. ಒಂದನ್ನು ಹಾರಿಸಿದರೆ ಕೊನೆಗೆ ಪಾಲಿಶ್ ಹಾಕಿದಾಗ ಆ ಗೆರೆಗಳೇ ಎದ್ದು ಹೊಳೆಯುತ್ತವೆ. ಮನೆಯಲ್ಲಿ ಮಾಡಿದರೆ ಒಂದು ವೀಲ್‌ಗೆ ಒಂದು ಭಾನುವಾರ ಪೂರ್ತಿ ಹೋಗುತ್ತದೆ. ಬಫಿಂಗ್ ಅಂಗಡಿಯಲ್ಲಿ ಮೋಟರಿಗೆ ಹಾಕಿದ ಬಟ್ಟೆ ಚಕ್ರಕ್ಕೆ ಸೋಪಿನ ಹಾಗಿರುವ ಕಾಂಪೌಂಡ್ ಬಾರ್ ಹಚ್ಚಿ ಸ್ವಲ್ಪ ಹೊತ್ತಲ್ಲೇ ಮುಗಿಸುತ್ತಾರೆ.

ಒಳ್ಳೇ ಕೈ ಇದ್ದವರ ಹತ್ತಿರ ಹೋದರೆ ಬಫಿಂಗ್‌ನಷ್ಟು ಹೊಳಪು ಬೇರೆ ಯಾವುದರಿಂದಲೂ ಬರುವುದಿಲ್ಲ. ಆದರೆ ನನ್ನ ಮುಂದಿನ ಹಬ್ ಹಾಳಾದದ್ದೂ ಹೀಗೆಯೇ. ಕೊಟ್ಟು ಸಂಜೆ ಹೋಗಿ ನೋಡಿದರೆ ಬೆಳ್ಳಿ ಚೊಂಬಿನ ಹಾಗೆ ಹೊಳೆಯುತ್ತಿತ್ತು. ಮನೆಗೆ ತಂದು ಬೆರಳಾಡಿಸಿದಾಗ ಗೊತ್ತಾಯಿತು. ಚೂಪಾಗಿದ್ದ ಅಂಚೆಲ್ಲ ದುಂಡಗಾಗಿ ಸೋಪಿನ ತುಂಡಿನ ಹಾಗಾಗಿದೆ. ಲೇತ್‌ನಲ್ಲಿ ಕೊರೆದ ತೆಳ್ಳನೆಯ ಗೆರೆ ಒಂದು ಕಡೆ ಪೂರ್ತಿ ಅಳಿಸಿಹೋಗಿದೆ. ಅಪ್ಪ ಇಪ್ಪತ್ತು ವರ್ಷ ಓಡಿಸಿದರೂ ಸವೆಯದ್ದು ಒಂದು ಮಧ್ಯಾಹ್ನದಲ್ಲಿ ಸವೆದಿತ್ತು. ಈಗಲೂ ಆ ಹಬ್ ನೋಡಿದಾಗ ಹೊಟ್ಟೆ ಉರಿಯುತ್ತದೆ. ಬಫಿಂಗ್‌ಗೆ ಕೊಡುವುದಾದರೆ ಪಕ್ಕದಲ್ಲಿ ನಿಂತು ಮಾಡಿಸಿ. ಅಂಚು, ಉಬ್ಬಿದ ಅಕ್ಷರ, ಬೇರಿಂಗ್ ಕೂರುವ ಜಾಗ ಮುಟ್ಟಬೇಡಿ ಅಂತ ಮೊದಲೇ ಹೇಳಿ. ಗೀರು, ಗುಳಿ ಇಲ್ಲದಿದ್ದರೆ ಬಫಿಂಗ್ ಬೇಡವೇ ಬೇಡ.

ನಮ್ಮ ನೀರು, ನಮ್ಮ ಧೂಳು

ಬೆಂಗಳೂರಿನವರು ಹೇಳುವ ಲೆಕ್ಕ ನಮಗೆ ಪೂರ್ತಿ ಹೊಂದುವುದಿಲ್ಲ. ನಮ್ಮದು ಬೋರ್ ನೀರು, ಗಡಸು. ವೀಲ್ ತೊಳೆದು ಹಾಗೇ ಬಿಸಿಲಿಗೆ ಬಿಟ್ಟರೆ ನೀರು ಆರುತ್ತದೆ, ಅದರಲ್ಲಿದ್ದ ಸುಣ್ಣ, ಉಪ್ಪು ಚುಕ್ಕೆ ಚುಕ್ಕೆಯಾಗಿ ಕೂರುತ್ತದೆ. ಎಷ್ಟೋ ಜನ ಪಾಲಿಶ್ ಸರಿಯಿಲ್ಲ ಅಂತ ಬೈಯುವುದು ಈ ಚುಕ್ಕೆಗೆ. ಆರ್‌ಓ ಫಿಲ್ಟರಿನಿಂದ ಹೊರಗೆ ಹೋಗುವ ನೀರನ್ನು ಉಳಿಸಿ ಗಾಡಿ ತೊಳೆಯುವವರೂ ಇದ್ದಾರೆ. ನೀರು ಉಳಿಸುವುದು ಒಳ್ಳೇದೇ, ಆದರೆ ಆ ನೀರಲ್ಲಿ ಉಪ್ಪು ಇನ್ನೂ ಜಾಸ್ತಿ. ಅದನ್ನು ಅಂಗಳ ತೊಳೆಯಲು ಬಳಸಿ. ವೀಲ್‌ಗೆ ಕೊನೆಯ ಒಂದು ಮಗ್ ಮಾತ್ರ ಹಿಡಿದಿಟ್ಟ ಮಳೆ ನೀರು ಅಥವಾ ಫಿಲ್ಟರ್ ನೀರು ಹಾಕಿ, ತಕ್ಷಣ ಒರೆಸಿ.

ಧೂಳೂ ಹಾಗೆಯೇ. ಕ್ರಷರ್ ಲಾರಿ ಓಡುವ ರಸ್ತೆಯಲ್ಲಿ ಓಡಾಡುವವರ ವೀಲ್ ಮೇಲೆ ಕೂರುವುದು ಕಲ್ಲಿನ ಪುಡಿ. ಗಡಸುತನದ ಮೋಸ್ ಅಳತೆಯಲ್ಲಿ ಅಲ್ಯೂಮಿನಿಯಂ 3ಕ್ಕಿಂತ ಕೆಳಗೆ, ಆ ಪುಡಿಯಲ್ಲಿರುವ ಬೆಣಚುಕಲ್ಲು 7. ಅದರ ಮೇಲೆ ಒಣ ಬಟ್ಟೆ ಹಾಕಿ ಒರೆಸಿದರೆ ಮರಳು ಕಾಗದ ಹಾಕಿ ತಿಕ್ಕಿದ ಹಾಗೆ. ಮೊದಲು ಧಾರಾಳವಾಗಿ ನೀರು ಹಾಕಿ ಧೂಳು ಇಳಿಸಿ, ಆಮೇಲೆ ಶಾಂಪೂ, ಒಣಗಿದ ಮೇಲೆ ಪಾಲಿಶ್.

ಇನ್ನು ಹುಣಸೆಹಣ್ಣು. ಅಜ್ಜಿ ಹಿತ್ತಾಳೆ ಕೊಡ ಬೆಳಗುತ್ತಿದ್ದದ್ದು ಅದರಲ್ಲೇ, ನಿಜ. ಆದರೆ ಅಲ್ಯೂಮಿನಿಯಂಗೆ ಗಾಳಿಯಲ್ಲಿ ತಾನಾಗೇ ಒಂದು ತೆಳ್ಳನೆ ಪೊರೆ ಕಟ್ಟುತ್ತದೆ, ಅದನ್ನು ಕಾಪಾಡುವುದು ಆ ಪೊರೆಯೇ. ಪಿಎಚ್ ಸುಮಾರು 4ಕ್ಕಿಂತ ಕೆಳಗಿನ ಹುಳಿಯಲ್ಲೂ, ಸುಮಾರು 8.5ಕ್ಕಿಂತ ಮೇಲಿನ ಕ್ಷಾರದಲ್ಲೂ ಆ ಪೊರೆ ಕರಗುತ್ತದೆ. ಹುಣಸೆ, ನಿಂಬೆ, ಟಾಯ್ಲೆಟ್ ಕ್ಲೀನರ್, ಟೈಲ್ಸ್ ಆಸಿಡ್, ಕಾಸ್ಟಿಕ್ ಸೋಡಾ ಯಾವುದೂ ಬೇಡ. ಕಾಸ್ಟಿಕ್ ಅಂತೂ ನೊರೆ ಎದ್ದು ಲೋಹವನ್ನೇ ತಿನ್ನುತ್ತದೆ. ಪಾತ್ರೆ ಉಜ್ಜುವ ಉಕ್ಕಿನ ನಾರೂ ಬೇಡ. ಅದರ ಚೂರು ಸಿಕ್ಕಿಕೊಂಡು ಆಮೇಲೆ ತುಕ್ಕಿನ ಚುಕ್ಕೆ ಏಳುತ್ತದೆ.

ಹೊಳಪು ನಿಲ್ಲಬೇಕು ಅಂದರೆ

ಆ ಪರೀಕ್ಷೆಯ ಹಬ್‌ನ ಅರ್ಧಕ್ಕೆ ಕಾರಿನ ಕಾರ್ನೌಬಾ ವ್ಯಾಕ್ಸ್ ಹಚ್ಚಿದ್ದೆ, ಅರ್ಧ ಹಾಗೇ ಬಿಟ್ಟಿದ್ದೆ. ಮಳೆಗಾಲದಲ್ಲಿ ಎರಡು ಸಲ ನಂದಿ ಬೆಟ್ಟ ಹತ್ತಿ ಇಳಿದ ಮೇಲೆ ಬಿಟ್ಟ ಅರ್ಧ ಹಾಲು ಚೆಲ್ಲಿದ ಹಾಗೆ ಮಬ್ಬಾಯಿತು, ಯಾವ ಪಾಲಿಶ್ ಹಾಕಿದ್ದರೂ ಅಷ್ಟೇ. ವ್ಯಾಕ್ಸ್ ಹಚ್ಚಿದ ಕಡೆ ಬಟ್ಟೆಯಲ್ಲಿ ಒರೆಸಿದರೆ ಸಾಕಾಗಿತ್ತು. ಹಾಗಾಗಿ ಬಜೆಟ್ ಸಾವಿರ ರೂಪಾಯಿ ಅಂತ ಇಟ್ಟುಕೊಂಡರೆ ಎಲ್ಲವನ್ನೂ ಪಾಲಿಶ್‌ಗೆ ಸುರಿಯಬೇಡಿ. ಆಟೋಸಾಲ್ ಒಂದು, ಸಾಧಾರಣ ವ್ಯಾಕ್ಸ್ ಒಂದು ತಗೊಳ್ಳಿ. ವ್ಯಾಕ್ಸ್‌ಗೆ ಬದಲು ಸಿಂಥೆಟಿಕ್ ಸೀಲೆಂಟ್ ಹಾಕಿದರೆ ಇನ್ನೂ ಜಾಸ್ತಿ ದಿನ ಬರುತ್ತದೆ, ಬೆಲೆಯೂ ಜಾಸ್ತಿ.

ಒಂದೇ ಸಲ ಲ್ಯಾಕರ್ ಹೊಡೆಸಿಬಿಟ್ಟರೆ? ಉಜ್ಜುವ ಕೆಲಸ ತಪ್ಪುತ್ತದೆ, ನಿಜ. ಆದರೆ ಕಲ್ಲು ಬಡಿದು ಎಲ್ಲಾದರೂ ಚಕ್ಕೆ ಎದ್ದರೆ ತೇವ ಒಳಗೆ ನುಗ್ಗಿ ಲ್ಯಾಕರ್ ಕೆಳಗೆ ಹುಳು ಹರಿದ ಹಾಗೆ ಬಿಳಿ ಗೆರೆ ಬೆಳೆಯುತ್ತದೆ. ಆಗ ಪೂರ್ತಿ ಕಿತ್ತು ಮತ್ತೆ ಮೊದಲಿಂದ ಮಾಡಬೇಕು. ದಿನಾ ಓಡಿಸುವ, ಪಾಲಿಶ್‌ಗೆ ಸಮಯವೇ ಇಲ್ಲದ ಕಾರಿಗೆ ಒಪ್ಪಬಹುದು. ಹಳೇ ಬೈಕಿಗೆ ಬರಿ ಲೋಹ ಮತ್ತು ವ್ಯಾಕ್ಸ್ ಇರಲಿ.

ಫೋನ್ ಮಾಡಿದ ಮೂವರಿಗೆ ನಾನು ಹೇಳಿದ್ದು ಇಷ್ಟು. ಯೆಜ್ಡಿ ಹುಡುಗನಿಗೆ ಆಟೋಸಾಲ್ ಮತ್ತು ವ್ಯಾಕ್ಸ್, ಬಫಿಂಗ್ ಬೇಡ. ಕಾರಿನವರ ವೀಲ್ ನೋಡಿದೆ, ಲ್ಯಾಕರ್ ಅರ್ಧ ಸುಲಿದಿತ್ತು. ಅದಕ್ಕೆ ಯಾವ ಪಾಲಿಶೂ ದಾರಿಯಲ್ಲ. ಉಳಿದ ಲ್ಯಾಕರನ್ನು ಪೇಂಟ್ ರಿಮೂವರ್‌ನಿಂದ ತೆಗೆಸಿ ಆಮೇಲೆ ಪಾಲಿಶ್ ಮಾಡಿ, ಇಲ್ಲದಿದ್ದರೆ ನಾಲ್ಕಕ್ಕೂ ಪೌಡರ್ ಕೋಟಿಂಗ್ (ಪುಡಿ ಬಣ್ಣವನ್ನು ಕಾಯಿಸಿ ಹಿಡಿಸುವುದು) ಮಾಡಿಸಿ ಅಂದೆ. ಅವರಿಗೆ ಸಮಯ ಇಲ್ಲ, ಪೌಡರ್ ಕೋಟಿಂಗ್ ಕಡೆ ಹೊರಟರು. ಟ್ಯಾಂಕರ್ ಹುಡುಗನ ವೀಲ್‌ಗಳು ದೊಡ್ಡವು, ಸಪಾಟು, ಒಳ್ಳೇ ಸ್ಥಿತಿಯಲ್ಲಿವೆ. ಅವನಿಗೆ ಮದರ್ಸ್‌ನ 283 ಗ್ರಾಂ ದೊಡ್ಡ ಡಬ್ಬಿ, ತೂತುಗಳಿಗೆ ಮಾತ್ರ ಹತ್ತಿ ಪಾಲಿಶ್. ಮಾಲೀಕರು ಒಪ್ಪಿದರೆ ಎರಡೂ, ಒಪ್ಪದಿದ್ದರೆ ಮೊದಲನೆಯದು.

ಕೆಲಸ ಶುರು ಮಾಡುವ ಮುಂಚೆ ಎರಡು ವಿಷಯ ದಯವಿಟ್ಟು ಮರೆಯಬೇಡಿ. ಸೆಂಟರ್ ಸ್ಟ್ಯಾಂಡ್ ಹಾಕಿ, ಎಂಜಿನ್ ಸ್ಟಾರ್ಟ್ ಮಾಡಿ, ಗೇರ್ ಹಾಕಿ, ತಿರುಗುವ ಹಿಂದಿನ ವೀಲ್‌ಗೆ ಬಟ್ಟೆ ಹಿಡಿಯುವುದನ್ನು ನಾನೇ ಕಣ್ಣಾರೆ ಕಂಡಿದ್ದೇನೆ. ಬಟ್ಟೆ ಕಡ್ಡಿಗೆ ಸಿಕ್ಕರೆ ಬೆರಳು ಹೋಗುತ್ತದೆ. ಎಂಜಿನ್ ಆಫ್ ಇರಲಿ, ವೀಲನ್ನು ಕೈಯಲ್ಲೇ ತಿರುಗಿಸಿ. ಮತ್ತೆ ಬ್ರೇಕ್ ಡಿಸ್ಕ್, ಡ್ರಮ್ ಒಳಗೆ ಪಾಲಿಶ್ ಆಗಲಿ ವ್ಯಾಕ್ಸ್ ಆಗಲಿ ಒಂದು ಹನಿಯೂ ಬೀಳಬಾರದು. ಡಿಸ್ಕ್‌ಗೆ ಹಳೇ ಪ್ಲಾಸ್ಟಿಕ್ ಕವರ್ ಸುತ್ತಿ ಟೇಪ್ ಹಾಕಿಕೊಳ್ಳಿ. ಕೆಲಸ ಮುಗಿದ ಮೇಲೆ ಮನೆ ಮುಂದಿನ ರಸ್ತೆಯಲ್ಲಿ ನಿಧಾನವಾಗಿ ಓಡಿಸಿ, ನಾಲ್ಕು ಸಲ ಬ್ರೇಕ್ ಹಿಡಿದು ನೋಡಿ, ಆಮೇಲೆ ನಂದಿ ಕಡೆ ತಿರುಗಿಸಿ.